ಮೆಣಸಿನಕಾಯಿ ಒಣಗಿದೆಯಾ? ಕಣ್ಣಿಂದ ನೋಡಿದ್ರೆ ಸಾಲದು, ಕಿವಿಯಿಂದ ಕೇಳಿ

(ಪಾಡ್‌ಕಾಸ್ಟ್‌ನ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇಲ್ಲ ಅಂದ್ರೆ ಒಂದ್ನಿಮಿಷ ಹಾಕ್ಕೊಳ್ಳಿ. ಎರಡು ಸದ್ದು ಕೇಳಿಸ್ತೀನಿ.

(ಒಂದು ಮೆಣಸಿನಕಾಯಿ ಅಲ್ಲಾಡಿಸುತ್ತಾರೆ. ಸದ್ದಿಲ್ಲ.)

ಇದು ಮೊದಲನೆಯದು. ಈಗ ಎರಡನೆಯದು.

(ಗಲಗಲ ಸದ್ದು)

ಎರಡೂ ನಮ್ಮ ಟೆರೇಸ್ ಕುಂಡದಲ್ಲೇ ಬೆಳೆದ ಬ್ಯಾಡಗಿ ಮೆಣಸಿನಕಾಯಿ. ಎರಡೂ ಕೆಂಪಗಿವೆ, ಎರಡೂ ಸುಕ್ಕುಗಟ್ಟಿವೆ. ಫೋಟೋದಲ್ಲಿ ನೋಡಿದ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಆದ್ರೆ ಒಂದನ್ನು ಡಬ್ಬಿಗೆ ಹಾಕಬಹುದು, ಇನ್ನೊಂದನ್ನು ಹಾಕಬಾರದು. ಈ ವ್ಯತ್ಯಾಸ ತಿಳಿಯದೆ ಹೋದ ವರ್ಷ ನಾನು ಇಡೀ ಬೆಳೆಯನ್ನೇ ಕಳ್ಕೊಂಡೆ. ಇವತ್ತಿನ ಮಾತು ಅದರ ಬಗ್ಗೆ.

ನಮ್ಮೂರು ಹಾವೇರಿ ಜಿಲ್ಲೆ. ಬ್ಯಾಡಗಿ ಮಾರುಕಟ್ಟೆ ಇರೋದೂ ಅದೇ ಜಿಲ್ಲೆಯಲ್ಲಿ. ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೆಸರಾದ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ತು. ನಾನಿರೋದು ಬೆಂಗಳೂರಲ್ಲಿ, ಬಾಡಿಗೆ ಮನೆಯಲ್ಲಿ. ಓನರ್ ಟೆರೇಸ್ ಬಳಸಿಕೊಳ್ಳೋಕೆ ಒಪ್ಪಿದ್ರು. ಅವ್ವ ಕೊಟ್ಟ ಬೀಜ ತಂದು ಹನ್ನೊಂದು ಕುಂಡದಲ್ಲಿ ಹಾಕಿದೆ. ಆರು ತಿಂಗಳು ದಿನಾ ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ ನೀರು, ಭಾನುವಾರ ಗೊಬ್ಬರ. ನವೆಂಬರ್‌ನಲ್ಲಿ ಗಿಡದ ತುಂಬ ಕೆಂಪು.

ಖುಷಿಗೆ ಎಲ್ಲಾ ಒಂದೇ ಸಲ ಕಿತ್ತೆ. ಪೂರ್ತಿ ಹಣ್ಣಾಗಿದ್ದು, ಅರ್ಧ ಹಣ್ಣಾಗಿದ್ದು ಎಲ್ಲಾ ಸೇರಿಸಿ ಬಾಲ್ಕನಿಯಲ್ಲಿ ಹರವಿದೆ. ಮೋಡ, ಮಧ್ಯೆ ಮಧ್ಯೆ ಜಿಟಿಜಿಟಿ ಮಳೆ. ಹತ್ತು ದಿನಕ್ಕೆ ಸುಕ್ಕಾಯ್ತು. ಒಣಗಿತು ಅಂದ್ಕೊಂಡೆ. ಬಿಸಿಲಲ್ಲಿ ಬಿಸಿಯಾಗಿದ್ದದ್ದನ್ನು ಹಾಗೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಗಟ್ಟಿಯಾಗಿ ಹಾಕಿದೆ. ಸಂಕ್ರಾಂತಿಗೆ ಊರಿಗೆ ತಗೊಂಡು ಹೋದೆ. ಅವ್ವನಿಗೆ ಉಡುಗೊರೆ!

ಅವ್ವ ಡಬ್ಬಿಯಿಂದ ಒಂದು ಕಾಯಿ ತೆಗೆದ್ಲು. ನೋಡಲಿಲ್ಲ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ಲು.

"ಕಣ್ಣಿಗಿ ಚಂದ ಐತಿ ತಮ್ಮಾ. ಕಿವಿಗಿ ಏನೂ ಕೇಳವಲ್ದು."

ಆಮೇಲೆ ಅದನ್ನು ಸೀಳಿದ್ಲು. ಒಳಗೆ ಬೀಜದ ಸುತ್ತ ಬೂದು ಬಣ್ಣದ ಬೂಷ್ಟು. ಇನ್ನೊಂದು ಸೀಳಿದ್ಲು, ಅದೂ ಹಾಗೇ. ಹೊರಗೆ ಕಪ್ಪು ಚುಕ್ಕೆಯೂ ಇರಲಿಲ್ಲ. ನಾನು, "ಕೆಟ್ಟದ್ದು ತೆಗೆದು ಉಳಿದದ್ದನ್ನ ಹುರಿದು ಪುಡಿ ಮಾಡಿದ್ರಾಯ್ತು" ಅಂದೆ. ಅವ್ವ ಒಪ್ಪಲಿಲ್ಲ. ದನ ತಿಂದೀತು ಅಂತ ತಿಪ್ಪೆಗೂ ಹಾಕಲಿಲ್ಲ. ಹಿತ್ತಲಲ್ಲಿ ಗುಂಡಿ ತೆಗೆದು ಮುಚ್ಚಿದ್ಲು. ಆರು ತಿಂಗಳ ಕೆಲಸ ಐದು ನಿಮಿಷದಲ್ಲಿ ಮಣ್ಣಾಯ್ತು. ಸಿಟ್ಟು ಬಂತು, ಸುಳ್ಳು ಹೇಳಲ್ಲ.

ಆಮೇಲೆ ಓದಿದಾಗ ಗೊತ್ತಾಯ್ತು, ಅವ್ವ ಮಾಡಿದ್ದೇ ಸರಿ. ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲಿ ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಬೆಳೆಯಬಹುದು. ಅದರ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡ್ತವೆ. ಅದು ಲಿವರ್‌ಗೆ ಕೆಟ್ಟದ್ದು, ದೀರ್ಘಕಾಲ ದೇಹ ಸೇರಿದ್ರೆ ಕ್ಯಾನ್ಸರ್‌ಗೂ ಕಾರಣವಾಗುತ್ತೆ. ಮನೆಯಲ್ಲಿ ಹುರಿದ್ರೆ, ಕುದಿಸಿದ್ರೆ ಅದು ಪೂರ್ತಿ ಹೋಗಲ್ಲ. ಪುಡಿ ಮಾಡಿದ್ರಂತೂ ಬೂಷ್ಟು ಕಣ್ಣಿಗೇ ಬೀಳಲ್ಲ. ಅಂದ್ರೆ ನಾನು ಹೇಳಿದ ಉಪಾಯವೇ ಎಲ್ಲಕ್ಕಿಂತ ಕೆಟ್ಟದ್ದು. ಮೇವಿನಲ್ಲಿ ಈ ವಿಷ ಇದ್ರೆ ಹಸುವಿನ ಹಾಲಿಗೂ ಬರುತ್ತೆ. ಆ ಗುಂಡಿ ಯಾಕೆ ಅಂತ ಆಗ ಅರ್ಥ ಆಯ್ತು.

ಅವತ್ತೇ ಅವ್ವನ ಅಂಗಳದಲ್ಲಿ ಕೂತು ಮೊದಲಿಂದ ಕಲಿತೆ. ನಿಮಗೂ ಹೇಳ್ತೀನಿ.

ಮೊದಲು ಕೀಳೋದು. ಹಸಿ ಮೆಣಸಿನಕಾಯಿ ಬೇಕಿದ್ರೆ ಕಾಯಿ ಗಟ್ಟಿಯಾಗಿ, ಹೊಳಪಾಗಿ ಇರುವಾಗಲೇ ಕೀಳಿ. ಕಿತ್ತಷ್ಟೂ ಗಿಡ ಮತ್ತೆ ಹೂ ಬಿಡುತ್ತೆ. ಒಂದು ಕೈಯಲ್ಲಿ ರೆಂಬೆ ಹಿಡ್ಕೊಂಡು ತೊಟ್ಟಿನ ಸಮೇತ ತೆಗೀರಿ, ಇಲ್ಲ ಕತ್ತರಿ ಬಳಸಿ. ಎಳೆದ್ರೆ ರೆಂಬೆಯೇ ಮುರಿದು ಬರುತ್ತೆ. ಒಣಗಿಸೋಕೆ ಆದ್ರೆ ಪೂರ್ತಿ ಕೆಂಪಾಗಿ, ಗಿಡದಲ್ಲೇ ಸ್ವಲ್ಪ ಬಾಡೋಕೆ ಶುರುವಾದ ಮೇಲೆ ಕೀಳಬೇಕು. ಅರ್ಧ ಹಸಿರಿದ್ದಾಗ ಕಿತ್ತು ಒಣಹಾಕಿದ್ರೆ ಬಿಳಿಚಿಕೊಂಡು ಬಣ್ಣ ಕೆಡುತ್ತೆ. ಹಾಗಾಗಿ ಒಂದೇ ಸಲ ಅಲ್ಲ, ಹಣ್ಣಾದ ಹಾಗೆ ನಾಲ್ಕೈದು ಸಲ ಕೀಳಬೇಕು. ಇಬ್ಬನಿ ಆರಿದ ಮೇಲೆ ಕೀಳಿ.

ಎರಡನೆಯದು ಒಣಗಿಸೋದು. ಹಣ್ಣು ಮೆಣಸಿನಕಾಯಿಯಲ್ಲಿ ಹೆಚ್ಚಿನ ಪಾಲು ನೀರೇ. ಒಂದು ಕಿಲೋ ಹಣ್ಣು ಒಣಗಿದ್ರೆ ಸಿಗೋದು ಸುಮಾರು ಕಾಲು ಕಿಲೋ. ಸಿಪ್ಪೆ ಬೇಗ ಒಣಗುತ್ತೆ. ತೊಟ್ಟಿನ ಬುಡ, ಒಳಗಿನ ಬಿಳಿ ತಿರುಳು ನಿಧಾನ. ನಾನು ಮೋಸ ಹೋಗಿದ್ದು ಅಲ್ಲೇ. ಚಾಪೆ ಅಥವಾ ಬಟ್ಟೆ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರವಿ, ದಿನಕ್ಕೆ ಎರಡು ಸಲ ಕೈಯಾಡಿಸಿ. ಸಂಜೆಯಾಗೋ ಮುಂಚೆ ಒಳಗೆ ತನ್ನಿ, ಇಲ್ಲಾಂದ್ರೆ ಹಗಲು ಬಿಟ್ಟ ತೇವ ರಾತ್ರಿ ಇಬ್ಬನಿಗೆ ವಾಪಸ್ ಬರುತ್ತೆ. ಒಳ್ಳೆ ಬಿಸಿಲಿದ್ರೆ ಹತ್ತರಿಂದ ಹದಿನೈದು ದಿನ ಬೇಕು. ಅಲ್ಲಾಡಿಸಿದ್ರೆ ಬೀಜ ಗಲಗಲ ಅನ್ನಬೇಕು, ತೊಟ್ಟು ಬಗ್ಗಿಸಿದ್ರೆ ಪಟಕ್ ಅಂತ ಮುರೀಬೇಕು. ಆದ್ರೂ ನಂಬಿಕೆ ಬರಲಿಲ್ವಾ? ನಾಲ್ಕು ಕಾಯಿ ಸೀಳಿ ನೋಡಿ.

ಮೂರನೆಯದು ತುಂಬಿಡೋದು. ನೆರಳಲ್ಲಿ ಪೂರ್ತಿ ತಣ್ಣಗಾಗಲಿ. ಬಿಸಿಯಾಗಿ ತುಂಬಿದ್ರೆ ಡಬ್ಬಿ ಒಳಗೆ ಬೆವರುತ್ತೆ. ಗಾಳಿಯಾಡದ ಡಬ್ಬಿ, ಕತ್ತಲೆ ಜಾಗ. ಬೆಳಕಿಗೆ ಬಣ್ಣ ಹಾರುತ್ತೆ, ಕಿಟಕಿ ಪಕ್ಕದ ಗಾಜಿನ ಬಾಟಲಿ ಫೋಟೋಗೆ ಮಾತ್ರ ಚೆನ್ನ. ಒಂದು ವಾರ ಬಿಟ್ಟು ಮುಚ್ಚಳ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದ್ರೆ ಆಸೆ ಬಿಡಿ. ಎಲ್ಲಾ ಒಟ್ಟಿಗೆ ಪುಡಿ ಮಾಡ್ಬೇಡಿ, ಇಡೀ ಕಾಯಿಯೇ ಹೆಚ್ಚು ದಿನ ಬಾಳುತ್ತೆ.

ಬಿಸಿಲೇ ಇಲ್ವಾ? ಒಣಗಿಸೋ ಹಟ ಬಿಡಿ. ಹಸಿಯದನ್ನು ತೊಳೆಯದೆ, ತೊಟ್ಟು ಬಿಡಿಸಿ, ಪೇಪರ್ ಹಾಸಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಎರಡು ವಾರಕ್ಕೆ ಮೋಸ ಇಲ್ಲ, ಕೊಳೆತದ್ದನ್ನು ಆಗಾಗ ತೆಗೀತಾ ಇರಿ. ಜಾಸ್ತಿ ಇದ್ರೆ ತೊಳೆದು, ನೀರು ಒರೆಸಿ ಫ್ರೀಜರ್‌ಗೆ ಹಾಕಿ. ಮೆತ್ತಗಾಗುತ್ತೆ, ಅಡುಗೆಗೆ ತೊಂದರೆ ಇಲ್ಲ. ಹಣ್ಣು ಮೆಣಸಿನಕಾಯಿ ಇದ್ರೆ ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ನಿಂಬೆರಸ ಹಾಕಿ ರುಬ್ಬಿ ರಂಜಕ ಮಾಡಿ, ಫ್ರಿಜ್‌ನಲ್ಲಿಡಿ. ರೊಟ್ಟಿ ಜೊತೆ ಅದೊಂದಿದ್ರೆ ಸಾಕು. ಕೈ ಉರಿದ್ರೆ ಬರೀ ನೀರು ಹಾಕ್ಬೇಡಿ, ಖಾರ ನೀರಲ್ಲಿ ಕರಗಲ್ಲ. ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೀರಿ. ಅಲ್ಲೀವರೆಗೂ ಕಣ್ಣು ಮುಟ್ಟಬೇಡಿ.

ಈ ವರ್ಷ ನಾಲ್ಕು ಸಲ ಕಿತ್ತೆ, ಟೆರೇಸ್ ಮೇಲೇ ಒಣಗಿಸಿದೆ. ಮೊನ್ನೆ ಹದಿಮೂರನೇ ದಿನ. ಕೈಗೆ ಸಿಕ್ಕ ಒಂದು ಕಾಯಿ ಗಲಗಲ ಅಂತು. ತಕ್ಷಣ ಅವ್ವನಿಗೆ ಫೋನ್ ಮಾಡಿ ಮೈಕ್ ಹತ್ರ ಅಲ್ಲಾಡಿಸಿದೆ. "ಕೇಳ್ತೈತಿ. ಇನ್ನೊಂದು ಅಲ್ಲಾಡ್ಸು" ಅಂದ್ಲು. ಅಲ್ಲಾಡಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಇನ್ನೆರಡು ಬಿಸಲ ಕೊಡು ತಮ್ಮಾ."

ಶುರುವಲ್ಲಿ ನೀವು ಕೇಳಿದ ಸದ್ದಿಲ್ಲದ ಕಾಯಿ ಅದೇ. ಈಗ ಟೆರೇಸ್ ಮೇಲೆ ಬಿಸಿಲು ಕಾಯಿಸ್ತಾ ಇದೆ. ಡಬ್ಬಿ ಇನ್ನೂ ಖಾಲಿ ಇದೆ. ಪರವಾಗಿಲ್ಲ, ಕಾಯ್ತೀನಿ.

ನಿಮ್ಮ ಮನೆಯ ಡಬ್ಬಿಯಿಂದಲೂ ಇವತ್ತು ಒಂದು ಕಾಯಿ ತೆಗೆದು ಅಲ್ಲಾಡಿಸಿ ನೋಡಿ.