ಒಂದೇ ಇಂಗ್ಲಿಷ್, ಹಲವು ನಾಲಿಗೆ



1941ನೇ ಇಸವಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬಿಬಿಸಿ ರೇಡಿಯೋದ ವಾರ್ತೆಗಳನ್ನು ಓದಲು ವಿಲ್‌ಫ್ರೆಡ್ ಪಿಕಲ್ಸ್ ಎಂಬವರು ಲಂಡನ್ನಿಗೆ ಬಂದರು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯವರು. ತಮ್ಮ ಕಡೆಯ ಕೇಳುಗರಿಗೆ 'ಗುಡ್ ನೈಟ್' ಎನ್ನುವ ಬದಲು 'ಗುಡ್ ನೀಟ್' ಎಂದು ಹೇಳುತ್ತಿದ್ದರು. ಬಿಬಿಸಿಯ ಮಾಮೂಲಿ ಧಾಟಿಯನ್ನು ಜರ್ಮನರು ಅನುಕರಿಸಿ ಸುಳ್ಳು ಸುದ್ದಿ ಹಬ್ಬಿಸಬಹುದು, ಈ ಧಾಟಿ ಅವರಿಗೆ ಸುಲಭವಾಗಿ ಒಲಿಯದು ಎಂಬುದು ಅವರ ಆಯ್ಕೆಗೆ ಹೇಳಲಾದ ಕಾರಣಗಳಲ್ಲೊಂದು. ಆದರೆ ಹಲವು ಕೇಳುಗರು ಸಿಡಿಮಿಡಿಗೊಂಡರು. ಆ ದನಿಯಲ್ಲಿ ಬಂದ ವಾರ್ತೆಯನ್ನು ನಂಬುವುದು ಕಷ್ಟ ಎಂದವರೂ ಇದ್ದರು. ವಾರ್ತೆ ಅದೇ, ವ್ಯಾಕರಣವೂ ಅದೇ. ಬದಲಾದದ್ದು ಓದುವ ನಾಲಿಗೆ ಮಾತ್ರ.

ಇಂಗ್ಲೆಂಡ್ ಚಿಕ್ಕ ದೇಶವಾದರೂ ಅಲ್ಲಿ ಉಚ್ಚಾರಣೆ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ದಕ್ಷಿಣದವರು 'ಬಾತ್' ಎಂದು ಎಳೆದು ಹೇಳುವ ಶಬ್ದವನ್ನು ಉತ್ತರದವರು ಮೊಟಕಾಗಿ ನುಡಿಯುತ್ತಾರೆ. 'ಬಸ್' ಉತ್ತರದವರ ಬಾಯಲ್ಲಿ 'ಬುಸ್' ಎಂಬಂತೆ ಕೇಳುತ್ತದೆ. ಲಂಡನ್ನಿನ ಕಾಕ್ನಿ ಮಾತಿನಲ್ಲಿ 'ಹೌಸ್' ಶಬ್ದದ ಹಕಾರವೇ ಮಾಯ.

ಇವುಗಳ ನಡುವೆ ಒಂದು ಧಾಟಿ ಮಾತ್ರ 'ಶುದ್ಧ'ವೆಂಬ ಪಟ್ಟ ಏರಿದ್ದು ಹೇಗೆ? ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರ ತಮ್ಮ ಉಚ್ಚಾರಣಾ ಕೋಶದಲ್ಲಿ ಇದನ್ನು 'ಪಬ್ಲಿಕ್ ಸ್ಕೂಲ್ ಉಚ್ಚಾರಣೆ' ಎಂದೇ ಕರೆದರು. ಪಬ್ಲಿಕ್ ಸ್ಕೂಲ್ ಎಂದರೆ ಅಲ್ಲಿ ಸರ್ಕಾರಿ ಶಾಲೆಯಲ್ಲ, ಸಿರಿವಂತರ ಮಕ್ಕಳು ಓದುವ ಖಾಸಗಿ ಶಾಲೆ. 1926ರಲ್ಲಿ ಅವರು ಬಳಸಿದ ಹೆಸರು 'ರಿಸೀವ್ಡ್ ಪ್ರೊನನ್ಸಿಯೇಷನ್', ಅಂದರೆ ಮಾನ್ಯ ಉಚ್ಚಾರಣೆ. 1922ರಲ್ಲಿ ಹುಟ್ಟಿದ ಬಿಬಿಸಿ ಇದನ್ನೇ ಮನೆಮನೆಗೂ ಮುಟ್ಟಿಸಿತು. ಹೀಗಿದ್ದರೂ ಹೀಗೆ ಮಾತಾಡುವವರು ಶೇಕಡ 3ರಷ್ಟು ಮಾತ್ರ ಎಂದು ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1970ರ ದಶಕದಲ್ಲಿ ಅಂದಾಜು ಮಾಡಿದ್ದರು.

ಇದೇ ಕಾಲದಲ್ಲಿ ಹೊವರ್ಡ್ ಗೈಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಕೇಳುಗರ ಕಿವಿಯನ್ನೇ ಪರೀಕ್ಷೆಗೆ ಒಡ್ಡಿದರು. ಒಬ್ಬನೇ ವ್ಯಕ್ತಿ ಒಂದೇ ಮಾತನ್ನು ಬೇರೆ ಬೇರೆ ಧಾಟಿಗಳಲ್ಲಿ ಹೇಳುತ್ತಾನೆ. ಕೇಳುವವರಿಗೆ ಈ ಗುಟ್ಟು ತಿಳಿದಿರುವುದಿಲ್ಲ. ಮಾನ್ಯ ಉಚ್ಚಾರಣೆಯಲ್ಲಿ ಮಾತಾಡಿದಾಗ ಅವನು ಬುದ್ಧಿವಂತ, ಸಮರ್ಥ ಎನಿಸಿದ. ಸೀಮೆಯ ಮಾತಾಡಿದಾಗ ಸ್ನೇಹಪರ, ಪ್ರಾಮಾಣಿಕ ಎನಿಸಿದ. ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನ ಧಾಟಿಗೆ ಇಂಥ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಸ್ಥಾನ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೊಲೀಸರ ಮುಂದೆ ಆರೋಪಿ ಬರ್ಮಿಂಗ್‌ಹ್ಯಾಮ್ ಧಾಟಿಯಲ್ಲಿ ಮಾತಾಡಿದಾಗ ಕೇಳುಗರು ಅವನನ್ನು ಹೆಚ್ಚು ತಪ್ಪಿತಸ್ಥನೆಂದು ಎಣಿಸಿದರು. ಪ್ರಯೋಗಶಾಲೆಯಲ್ಲಿ ಕಂಡದ್ದು ನ್ಯಾಯಾಲಯದಲ್ಲೂ ಹಾಗೆಯೇ ನಡೆಯುತ್ತದೆ ಎನ್ನಲಾಗದು. ಆದರೆ ಅಳುಕು ಹುಟ್ಟಿಸಲು ಇಷ್ಟು ಸಾಕು.

ಹಾಗಾದರೆ ಕೆಲವು ಧ್ವನಿಗಳು ಹುಟ್ಟಿನಿಂದಲೇ ಕರ್ಕಶವೆ? ರಕಾರವನ್ನೇ ನೋಡಿ. 'ಕಾರ್' ಎನ್ನುವಾಗ ಕೊನೆಯ ರಕಾರವನ್ನು ಒತ್ತಿ ನುಡಿದರೆ ಇಂಗ್ಲೆಂಡಿನಲ್ಲಿ ಅದು ನೈರುತ್ಯ ಭಾಗದ ಹಳ್ಳಿಯವರ ಮಾತು. ನ್ಯೂಯಾರ್ಕಿನಲ್ಲಿ ಇದೇ ರಕಾರ ಮೇಲ್ವರ್ಗದ ಗುರುತು. ವಿಲಿಯಂ ಲಬೋವ್ 1962ರಲ್ಲಿ ಅಲ್ಲಿನ 3 ಅಂಗಡಿಗಳಲ್ಲಿ ವಿಚಾರಿಸಿದಾಗ, ಅಂಗಡಿ ದುಬಾರಿಯಾದಷ್ಟೂ ಅಲ್ಲಿನ ನೌಕರರ ಬಾಯಲ್ಲಿ ರಕಾರ ಹೆಚ್ಚಿತ್ತು. ಗ್ರೀಕ್ ಭಾಷೆ ತಿಳಿಯದ ಬ್ರಿಟಿಷರಿಗೆ ಅಥೆನ್ಸಿನ ಪ್ರತಿಷ್ಠಿತ ಗ್ರೀಕ್ ಮತ್ತು ಕ್ರೀಟ್ ದ್ವೀಪದ ಗ್ರೀಕ್ ಎರಡನ್ನೂ ಕೇಳಿಸಿದ ಪ್ರಯೋಗವೊಂದಿದೆ. ಅಥೆನ್ಸಿನದೇ ಇಂಪು ಎಂದು ಅವರಿಗೆ ಅನಿಸಲಿಲ್ಲ. ಅಂದರೆ ಇಂಪು ಇರುವುದು ಧ್ವನಿಯಲ್ಲಿ ಅಲ್ಲ. ಆಡುವವರ ಸ್ಥಾನಮಾನದ ಬಗ್ಗೆ ಕೇಳುವವರು ಮೊದಲೇ ತಿಳಿದುಕೊಂಡಿರುವುದರಲ್ಲಿ.

ಬ್ರಿಟನ್ನಿನ 2010ರ ಸಮಾನತಾ ಕಾಯಿದೆ ವಯಸ್ಸು, ಲಿಂಗ, ಜನಾಂಗ, ಧರ್ಮಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಉಚ್ಚಾರಣೆ ಇಲ್ಲ. ರೇಡಿಯೋ, ಟಿವಿಗಳಲ್ಲಿ ಈಗ ಸ್ಕಾಟ್ಲೆಂಡ್, ವೇಲ್ಸ್, ಯಾರ್ಕ್‌ಷೈರ್ ದನಿಗಳು ಧಾರಾಳವಾಗಿ ಕೇಳುತ್ತವೆ ಎಂಬುದೇ ಸಮಾಧಾನ.

ಇದು ಬರೀ ಇಂಗ್ಲೆಂಡಿನ ಮಾತೂ ಅಲ್ಲ. 2000ದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಸೇರಿದ ಹುಡುಗ ಹುಡುಗಿಯರಿಗೆ ತಾಯ್ನುಡಿಯ ಛಾಯೆ ಅಳಿಸಿಕೊಳ್ಳುವ ತರಬೇತಿ ಸಿಗುತ್ತಿತ್ತು. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ನಮ್ಮ ಸಿನಿಮಾಗಳಲ್ಲಿ ಎಷ್ಟೋ ಸಲ ನಗೆಪಾತ್ರಗಳ ಪಾಲಿಗೆ ಬಂದಿವೆ. ಇನ್ನೊಬ್ಬರು ಬಾಯಿ ತೆರೆದ ಕೂಡಲೆ ನಮಗೆ ನಗು ಬಂದರೆ, ಅವರು ಹೇಳುತ್ತಿರುವುದು ಏನೆಂದು ಪೂರ್ತಿ ಕೇಳಿದ ಮೇಲೆ ನಕ್ಕರಾಗದೆ?