ಹಿತ್ತಲಲ್ಲೇ ಇದೆ ಬಣ್ಣ

ಬಣ್ಣದ ಡಬ್ಬಿ ಖಾಲಿಯಾಯಿತೇ? ಹೊಸದು ಕೊಡಿಸಿ ಎಂದು ಈಗಲೇ ಅಪ್ಪನ ಬೆನ್ನು ಹತ್ತಬೇಡಿ. ಬನ್ನಿ, ಒಂದು ಹಿಡಿ ಕೆಮ್ಮಣ್ಣು ಹುಡುಕೋಣ.

ಮಲೆನಾಡಿನ ಸಾಗರದ ಸುತ್ತಮುತ್ತ ದೀವರ ಹೆಂಗಸರು ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಅಂಗಡಿಯ ಹಂಗಿಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪು ಬೇಕೆಂದರೆ ಅದೇ ಅಕ್ಕಿಯನ್ನು ಕರಿಯಾಗುವ ತನಕ ಹುರಿದು ಅರೆಯುತ್ತಾರೆ. ಬಿಸಿಗೆ ಅಕ್ಕಿ ಸುಟ್ಟು ಕರಕಲಾಗಿ, ಉಳಿಯುವುದು ಹೆಚ್ಚಾಗಿ ಇಂಗಾಲ. ಒಂದೇ ಕಾಳಿನಲ್ಲಿ ಎರಡು ಬಣ್ಣ! ಕುಂಚವೂ ಪುಂಡಿ ನಾರಿನದೇ.

ನಾವೂ ಮಾಡೋಣ. ಕೆಮ್ಮಣ್ಣನ್ನು ಕುಟ್ಟಿ ಒಂದು ಲೋಟ ನೀರಿಗೆ ಹಾಕಿ ಚೆನ್ನಾಗಿ ಕದಡಿ, ಹತ್ತು ಎಣಿಸಿ. ಮರಳು ಸರ್ರನೆ ತಳ ಸೇರುತ್ತದೆ. ನುಣ್ಣನೆಯ ಕಣಗಳು ಮಾತ್ರ ಇನ್ನೂ ತೇಲುತ್ತಿರುತ್ತವೆ. ಚಿಕ್ಕ ಕಣ ಬಹಳ ಹಗುರ, ನೀರು ಅದನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಆ ಕೆಂಪು ನೀರನ್ನಷ್ಟೇ ಬೇರೆ ಬಟ್ಟಲಿಗೆ ಬಗ್ಗಿಸಿ. ಅಜ್ಜಿ ಅಕ್ಕಿ ಗಾಳಿಸುವಾಗ ಕಲ್ಲು ಹಿಂದೆ ಉಳಿಯುತ್ತದಲ್ಲ, ಇದೂ ಹಾಗೆಯೇ. ಬೆಳಗಾಗುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ಬೆಣ್ಣೆಯಷ್ಟು ನುಣುಪಾದ ಕೆಸರು ಕೂತಿರುತ್ತದೆ. ಮೇಲಿನ ನೀರು ಚೆಲ್ಲಿ, ಬೆರಳಿನಲ್ಲಿ ಉಜ್ಜಿ ನೋಡಿ.

ಬರೀ ಕೆಸರಿನಲ್ಲಿ ಬರೆದರೆ ಒಣಗಿದ ಮೇಲೆ ಉದುರಿಬಿಡುತ್ತದೆ. ಅದಕ್ಕೇ ಅಂಟು ಬೇಕು. ಅನ್ನ ಬಸಿದ ಗಂಜಿ ಸಾಕು. ಅಕ್ಕಿ ಬೇಯುವಾಗ ಅದರ ಪಿಷ್ಟ ನೀರಿಗೆ ಬಿಟ್ಟುಕೊಂಡಿರುತ್ತದೆ. ಒಣಗಿದಾಗ ಅದು ಮಣ್ಣಿನ ಕಣಗಳನ್ನು ಕಾಗದಕ್ಕೆ ಹಿಡಿದಿಡುತ್ತದೆ. ಗಂಜಿ ಬೇಗ ಹಳಸುತ್ತದೆ, ಅಂದಂದಿಗೆ ಬೇಕಾದಷ್ಟೇ ಕಲಸಿಕೊಳ್ಳಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ. ಕಾಗದಕ್ಕೆ ಅರಿಸಿನದ ನೀರು ಬಳಿದು ಒಣಗಿಸಿ. ಚೂರು ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ, ಕಡ್ಡಿ ಅದ್ದಿ ಹಳದಿಯ ಮೇಲೆ ಒಂದು ಹೂವು ಬರೆಯಿರಿ. ಬಣ್ಣವಿಲ್ಲದ ನೀರಿನಲ್ಲಿ ಕೆಂಗಂದು ಗೆರೆ ಮೂಡಿತಲ್ಲ! ಅರಿಸಿನದಲ್ಲಿ ಕರ್ಕ್ಯುಮಿನ್ ಎಂಬ ವಸ್ತುವಿದೆ. ಸೋಡಾದಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ. ಗೆರೆಯ ಮೇಲೆ ಒಂದು ಹನಿ ನಿಂಬೆರಸ ಬಿಟ್ಟರೆ, ಹುಳಿಗೆ ಸೋತು ಮತ್ತೆ ಹಳದಿ!

ಆದರೆ ಕರ್ಕ್ಯುಮಿನ್ ಬಿಸಿಲಿಗೆ ಒಡೆದುಹೋಗಿ ಬಣ್ಣ ಕಳೆದುಕೊಳ್ಳುತ್ತದೆ. ಕೆಮ್ಮಣ್ಣಿನ ಕೆಂಪೋ, ತುಕ್ಕಿನ ಹಾಗೆ ಗಾಳಿಯ ಆಮ್ಲಜನಕದೊಂದಿಗೆ ಆಗಲೇ ಸೇರಿಕೊಂಡ ಕಬ್ಬಿಣ. ಬಿಸಿಲು ಅದನ್ನು ಅಷ್ಟು ಸುಲಭವಾಗಿ ಕೆಡಿಸಲಾರದು. ಅರಿಸಿನದ ಹೂವನ್ನು ನೋಟ್‌ಪುಸ್ತಕದೊಳಗೆ ಇಡಿ, ಕೆಮ್ಮಣ್ಣಿನ ಚಿತ್ರವನ್ನು ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿ.