ಕೈ ಯಂತ್ರದ ಮೇಲೆ, ಮನಸ್ಸು ಸಾಲದ ಮೇಲೆ

(ಯಶವಂತಪುರದಲ್ಲಿ ಸಣ್ಣ ಉದ್ದಿಮೆದಾರರ ಮುಂದೆ ಮಾಡಿದ ಭಾಷಣದ ಪಠ್ಯ)



ಕೆಲಸಗಾರರಿಗೆ ಕೆಲಸದ ಮೇಲೆ ಗಮನವೇ ಇಲ್ಲ ಎಂಬ ದೂರು ನಮ್ಮಲ್ಲಿ ಸದಾ ಕೇಳಿಬರುತ್ತದೆ. ಆದರೆ ಆ ಗಮನ ಎಲ್ಲಿಗೆ ಹೋಯಿತೆಂದು ನಾವು ವಿಚಾರಿಸುವುದಿಲ್ಲ. ಮನೆ ಬಾಡಿಗೆ ಬಾಕಿಯಿರುವಾಗ, ಬಡ್ಡಿಯವನು ಬಾಗಿಲಿಗೆ ಬರುವ ದಿನ ಹತ್ತಿರವಾಗುತ್ತಿರುವಾಗ ಕೈ ಯಂತ್ರದ ಮೇಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ.

ಇದು ಬರಿಯ ಅನುಕಂಪದ ಮಾತಲ್ಲ. ಅರ್ಥಶಾಸ್ತ್ರಜ್ಞರಾದ ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಒಡಿಶಾದಲ್ಲಿ ಊಟದೆಲೆ ಹೊಲಿಯುವ 408 ಕೆಲಸಗಾರರ ಅಧ್ಯಯನ ನಡೆಸಿದರು. ಎಲೆಯ ಲೆಕ್ಕದಲ್ಲಿ ಕೂಲಿ, ದರದಲ್ಲಿ ಬದಲಾವಣೆಯಿಲ್ಲ. ಕೆಲವರಿಗೆ ಮಾತ್ರ ಅದುವರೆಗಿನ ದುಡಿಮೆಯ ಹಣವನ್ನು ಕೆಲವು ದಿನ ಮುಂಚಿತವಾಗಿ ಕೊಡಲಾಯಿತು. ಅವರು ಸಾಲ ತೀರಿಸಿದರು, ಮನೆಗೆ ಅಗತ್ಯ ವಸ್ತುಗಳನ್ನು ಕೊಂಡರು. ಬಳಿಕ ಅವರ ಉತ್ಪಾದನೆ ಸುಮಾರು ಶೇ. 7ರಷ್ಟು ಏರಿತು; ಹೆಚ್ಚು ಬಡವರಲ್ಲಿ ಇನ್ನೂ ಅಧಿಕವಾಗಿ ಏರಿತು. ತಪ್ಪುಗಳೂ ಕಡಿಮೆಯಾದವು. ಕೂಲಿ ಹೆಚ್ಚಲಿಲ್ಲ, ಚಿಂತೆ ಇಳಿಯಿತು.

ಚಿಂತೆ ಮಿತಿಮೀರಿದರೆ ಏನಾಗುತ್ತದೆಂಬುದನ್ನು ನಮ್ಮ ನೆರೆಯ ಪೀಣ್ಯ, ಜಾಲಹಳ್ಳಿಗಳೇ ಕಂಡಿವೆ. ಭವಿಷ್ಯನಿಧಿಯಲ್ಲಿ ಮಾಲೀಕರು ತುಂಬಿದ ಪಾಲನ್ನು 58 ವರ್ಷದವರೆಗೆ ಹಿಂಪಡೆಯುವಂತಿಲ್ಲ ಎಂಬ ನಿಯಮವನ್ನು 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿತು. ಎಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು; ಅವರಲ್ಲಿ ಬಹುಪಾಲು ಮಹಿಳೆಯರು. ಮರುದಿನ ಪ್ರತಿಭಟನೆ ತುಮಕೂರು ರಸ್ತೆಗೂ ಹಬ್ಬಿತು. ಬೆಂಕಿಯೂ ಬಿತ್ತು, ಲಾಠಿಯೂ ಬೀಸಿತು. ಅದೇ ದಿನ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ದೆಹಲಿಯ ಕಣ್ಣಿಗೆ ಅದು ವೃದ್ಧಾಪ್ಯದ ಉಳಿತಾಯ. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಅದು ಸಾಲದಿಂದ ಪಾರಾಗುವ, ಮಕ್ಕಳನ್ನು ಓದಿಸುವ ಏಕೈಕ ಗಂಟು.

ಹಾಗಾದರೆ ನಮ್ಮ ಹೊಣೆಯೇನು? ತಿಂಗಳ ವೇತನವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ನಾವೋ, ಗಿರಾಕಿಯಿಂದ ಹಣ ಬಂದಿಲ್ಲವೆಂದು ಮುಂದೂಡುತ್ತೇವೆ. ನಮ್ಮ ವ್ಯಾಪಾರದ ಕಷ್ಟವನ್ನು ಅವರ ಅಡುಗೆಮನೆಗೆ ವರ್ಗಾಯಿಸುತ್ತೇವೆ. ಸಂಬಳದ ದಿನ ತಪ್ಪದಿರಲಿ. ದುಡಿದ ದಿನಗಳ ಹಣವನ್ನು ತುರ್ತಿಗೆ ಕೇಳಿದರೆ ಹತ್ತು ಜನರ ಮುಂದೆ ಪ್ರಶ್ನಿಸದೆ ಕೊಡೋಣ. ಸಾಧ್ಯವಿದ್ದಲ್ಲಿ ಬಡ್ಡಿರಹಿತವಾದ ಚಿಕ್ಕ ನಿಧಿಯೊಂದನ್ನು ಕಟ್ಟೋಣ.

ಮುಂಗಡ ಕೊಟ್ಟರೆ ಪೋಲು ಮಾಡುತ್ತಾರೆ ಎನ್ನುವವರಿದ್ದಾರೆ. ಅಂಥವರೂ ಇರಬಹುದು. ಆದರೆ ಕೆಲವರ ತಪ್ಪಿಗೆ ಎಲ್ಲರ ಕೂಲಿಯನ್ನು ತಡೆಹಿಡಿಯುವುದು ನ್ಯಾಯವಲ್ಲ. ಅದು ನಾವು ಕೊಡುವ ದಾನವೂ ಅಲ್ಲ. ಅವರು ದುಡಿದು ನಮ್ಮ ಬಳಿ ಇಟ್ಟಿರುವ ಹಣ.